ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಸಮೀಪ ಭವಿಷ್ಯದ ವಿಶೇಷಣಗಳು

ಚರಿತ್ರೆಯ ವ್ಯಾಸಂಗಿಗೆ ವ್ಯಾಕರಣದ ಅತ್ಯಲ್ಪ ಪದವೂ ಉಪೇಕ್ಷಣೀಯವಲ್ಲ. ಕೆಳದಿಯ ಅರಸರಿಗೂ ಗೋವೆಯ ಪೋರ್ಚುಗೀಸರಿಗೂ ನಡೆದ ವ್ಯವಹಾರಗಳನ್ನು ತಿಳಿಯಬೇಕಾದರೆ ನಾವು ಪೋರ್ಚುಗೀಸ್ ಪತ್ರಗಳನ್ನು ಆಶ್ರಯಿಸಬೇಕಾಗುತ್ತದೆ. ಅಂಥ ಪತ್ರಗಳ ಕಾಲನಿರ್ಣಯದಲ್ಲಿ ತೊಡಕನ್ನುಂಟುಮಾಡುವ ಒಂದು ವಿಶೇಷಣವನ್ನು, ಅದರ ಸಮಾನಾರ್ಥಕ ಪದಗಳೊಡನೆ, ಇಲ್ಲಿ ವಿಚಾರಿಸುತ್ತೇವೆ.

'ಮುಂದಿನ' ಎಂಬರ್ಥದಲ್ಲಿ ಎರಡು ಭಾಷೆಗಳಲ್ಲಿಯೂ ಒಂದೇ ಬರಹದ ಪದವು ರೂಢಿಯಲ್ಲಿದೆ. ಸ್ಪ್ಯಾನಿಷಿನಲ್ಲಿ ಅದರ ಉಚ್ಚಾರಣೆ 'ಪ್ರೋಕ್ಸಿಮೊ', ಪೋರ್ಚುಗೀಸಿನಲ್ಲಿ 'ಪ್ರೋಸಿಮು'. ಆಡುಮಾತಿನಲ್ಲಿ ನಾಮಪದದ ಬಳಿಕ ಸ್ಪ್ಯಾನಿಷಿನಲ್ಲಿ 'ಕೆ ಬ್ಯೇನೆ' ಎಂದೂ ಪೋರ್ಚುಗೀಸಿನಲ್ಲಿ 'ಕೆ ವೇಂ' ಎಂದೂ ಸೇರಿಸುವುದುಂಟು. ಇವು ಶುದ್ಧ ವಿಶೇಷಣಗಳಲ್ಲ, 'ಯಾವುದು ಬರುತ್ತದೆಯೋ ಅದು' ಎಂಬ ಉಪವಾಕ್ಯಗಳು. ಕನ್ನಡದ 'ಬರುವ ವಾರ' ಎಂಬಲ್ಲಿನ ಕೃದಂತವು ಮಾಡುವ ಕಾರ್ಯವನ್ನೇ ಇವು ಮಾಡುತ್ತವೆ. ಸ್ಪ್ಯಾನಿಷಿನ 'ಎಂತ್ರಾಂತೆ' ಎಂದರೆ 'ಪ್ರವೇಶಿಸುತ್ತಿರುವ' ಎಂದರ್ಥ. ತಿಂಗಳು, ವರ್ಷ ಮೊದಲಾದ ಪದಗಳೊಡನೆ ಅದು ಬರುತ್ತದೆ. ಸ್ಪ್ಯಾನಿಷಿನ 'ಬೆನಿದೇರೊ', ಪೋರ್ಚುಗೀಸಿನ 'ವಿಂದೋರು' ಎಂಬವು 'ಬರು' ಎಂಬರ್ಥದ ಧಾತುವಿನಿಂದ ಹುಟ್ಟಿದವು. ಇವು ಗ್ರಾಂಥಿಕ ಪದಗಳು. 'ಮುಂಬರುವ ಪೀಳಿಗೆಗಳು' ಎಂಬಂತೆ ದೂರದ ಭವಿಷ್ಯಕ್ಕೂ ಸಲ್ಲುತ್ತವೆ.

ಬರುವ ಅಥವಾ ಪ್ರವೇಶಿಸುವ ಕ್ರಿಯೆಯು ಅಡಗಿರುವುದರಿಂದ ಈ ಪದಗಳೆಲ್ಲ ಭವಿಷ್ಯವನ್ನೇ ಸೂಚಿಸುತ್ತವೆ. 'ಪ್ರೋಸಿಮು' ಹಾಗಲ್ಲ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ 'ಅತ್ಯಂತ ಸಮೀಪದ' ಎಂದಷ್ಟೇ ಅರ್ಥ. ಸಾಮೀಪ್ಯಕ್ಕೆ ಹಿಂದು ಮುಂದೆಂಬ ಭೇದವಿಲ್ಲ. ಆದುದರಿಂದಲೇ ಪತ್ರಲೇಖಕರು 'ಕಳೆದ' ಎಂಬರ್ಥದ 'ಪಸಾದು' ಎಂಬುದನ್ನಾಗಲಿ 'ಭಾವೀ' ಎಂಬರ್ಥದ 'ಫುತೂರು' ಎಂಬುದನ್ನಾಗಲಿ ಅದರೊಡನೆ ಸೇರಿಸುತ್ತಿದ್ದರು. ಮಾರ್ಚ್ ತಿಂಗಳಿನಲ್ಲಿ ಬರೆದ ಪತ್ರವೊಂದರಲ್ಲಿ 'ಪ್ರೋಸಿಮು ಪಸಾದು' ತಿಂಗಳ 20ನೆಯ ದಿನವೆಂದಿದ್ದರೆ ಅದು ಫೆಬ್ರವರಿ 20. 'ಪ್ರೋಸಿಮು ಫುತೂರು' ಎಂದಿದ್ದರೆ ಏಪ್ರಿಲ್ 20. ಅಂತರ ಎರಡು ತಿಂಗಳು. ಸಂಧಿಯು ಯುದ್ಧಕ್ಕೆ ಮೊದಲೋ ಅನಂತರವೋ ಎಂಬ ಪ್ರಶ್ನೆಯು ಇಷ್ಟರಲ್ಲಿಯೇ ತಲೆಕೆಳಗಾಗಬಹುದು.

ನಮ್ಮ ವಿದ್ಯಾರ್ಥಿಗಳು ಎಡವಲು ಇನ್ನೊಂದು ಕಾರಣವೂ ಉಂಟು. ಹಿಂದಿನ ಇಂಗ್ಲಿಷ್ ವ್ಯಾಪಾರಪತ್ರಗಳಲ್ಲಿ 'ಪ್ರಾಕ್ಸಿಮೊ' ಎಂಬುದು ಮುಂದಿನ ತಿಂಗಳನ್ನು ಮಾತ್ರ ಸೂಚಿಸುತ್ತಿತ್ತು. ಕಳೆದ ತಿಂಗಳಿಗೆ 'ಅಲ್ಟಿಮೊ' ಎಂಬ ಬೇರೆ ಪದವಿತ್ತು. ಆ ರೂಢಿಯನ್ನು ಪೋರ್ಚುಗೀಸ್ ಪತ್ರಗಳಿಗೆ ಆರೋಪಿಸಲಾಗದು.

ಆದಕಾರಣ ಈ ಪದವು ಕಂಡೊಡನೆ ಅದರ ಜೊತೆಯ ಪದವನ್ನೂ ಪತ್ರದ ದಿನಾಂಕವನ್ನೂ ವಾಕ್ಯದ ಕ್ರಿಯಾಪದದ ಕಾಲವನ್ನೂ ಪರಿಶೀಲಿಸಿದ ಬಳಿಕವೇ ತಾರೀಖನ್ನು ನಿರ್ಧರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.