ಸೋತ ಆಟಗಾರನ ನಡತೆ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಬೆಳವಣಕಿ ಎಂಬ ಊರುಂಟು. ಸುತ್ತಲೂ ಎರೆಭೂಮಿ; ಮಳೆ ಬಂದರೆ ಕಾಲು ಕೀಳಲಾರದಷ್ಟು ಅಂಟುವ ಕರಿಯ ಮಣ್ಣು. ಅದು ಜೋಳಕ್ಕೂ ಕಡಲೆಗೂ ಒಗ್ಗುವುದೇ ಹೊರತು ಕುಸ್ತಿಗೆ ಒಗ್ಗದು. ಆದುದರಿಂದ ಆ ಸೀಮೆಯ ಗರಡಿಗಳಿಗೆ ಕೆಂಪು ಮಣ್ಣನ್ನು ಬೇರೆಡೆಯಿಂದ ತಂದು, ಜರಡಿ ಹಿಡಿದು, ಎಣ್ಣೆ ಮಜ್ಜಿಗೆಗಳನ್ನು ಬೆರೆಸಿ ಹದಮಾಡುವರು. ಜೋಡಿ ಕೂಡಿದ ಪೈಲವಾನರು ಮೊದಲು ಆ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಂಡು, ಬಳಿಕ ಒಬ್ಬರಿಗೊಬ್ಬರು ಹಿಡಿ ಮಣ್ಣು ಕೊಟ್ಟುಕೊಳ್ಳುವರು. ಬೆವರಿನ ಮೈ ಜಾರದೆ ಕೈಗೆ ಸಿಕ್ಕಲೆಂದು ಈ ಏರ್ಪಾಡು. ತನ್ನನ್ನು ಕೆಡವಬೇಕಾದವನಿಗೆ ತನ್ನ ಮೈಮೇಲೆ ಹಿಡಿತವನ್ನು ತಾನೇ ಒದಗಿಸಿಕೊಡುವುದೆಂದರೆ ಸಣ್ಣ ಮಾತೇನೂ ಅಲ್ಲ.

ನಾನು ಹುಡುಗನಾಗಿದ್ದಾಗ ಆ ಕಡೆಯ ಒಂದು ಜಾತ್ರೆಯಲ್ಲಿ ಕಂಡ ಕುಸ್ತಿಯೊಂದು ಇನ್ನೂ ನೆನಪಿನಲ್ಲಿದೆ. ಬೆಳ್ಳಿಯ ಕಡಗ ಯಾರ ಕೈಗೆಂದು ಜನ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಹಲಗೆಯ ಬಡಿತ ಏರುತ್ತಿದ್ದಂತೆಯೇ ಆ ಹೆಸರುವಾಸಿಯಾದ ಪೈಲವಾನನ ಎರಡು ಭುಜಗಳೂ ನೆಲ ಕಂಡವು. ಅವನು ಎದ್ದನು, ಮೈ ಕೊಡವಿದನು, ಗೆದ್ದ ಹುಡುಗನ ಕೈಯನ್ನು ತಾನೇ ಮೇಲೆತ್ತಿ ಕಣವನ್ನು ಒಂದು ಸುತ್ತು ತಿರುಗಿಸಿದನು. ಎಷ್ಟು ನಿಶ್ಚಿಂತನಿವನು ಎಂದು ನಾವು ಬೆರಗಾದೆವು. ಸಂಜೆ ನೋಡಿದರೆ ಅದೇ ಮನುಷ್ಯ ಬಂಡಿಯ ಮರೆಯಲ್ಲಿ ಊಟವನ್ನು ಮುಂದಿಟ್ಟುಕೊಂಡು ತುತ್ತೆತ್ತದೆ ಕುಳಿತಿದ್ದನು. ನಮಗೆ ಸ್ವಲ್ಪ ನಿರಾಶೆಯೇ ಆಯಿತು. ಹಗಲಿನದೆಲ್ಲ ಬರಿಯ ನಟನೆಯೆಂದು ಒಬ್ಬ ಗೆಳೆಯನು ಅಂದುಬಿಟ್ಟನು.

ಅದು ನಟನೆಯಲ್ಲವೆಂಬುದು ನನಗೆ ತಿಳಿದುದು ಬಹಳ ತಡವಾಗಿ. ಸೋಲನ್ನು ನಗುನಗುತ್ತ ಸ್ವೀಕರಿಸಬೇಕೆಂದು ನಾವು ಶಾಲೆಯ ಮಕ್ಕಳಿಗೆ ಬೋಧಿಸುತ್ತೇವಷ್ಟೆ. ವರ್ಷಗಟ್ಟಲೆ ದೇಹವನ್ನು ಒಂದೇ ಗುರಿಗೆ ತಿದ್ದಿಕೊಂಡವನಿಗೆ ಸೋತಾಗ ದುಃಖವಾಗಲೇಕೂಡದೆಂಬುದು ಆಗದ ಮಾತು. ದುಃಖವಾಗದಿದ್ದರೆ ಅವನು ಮನಸ್ಸಿಟ್ಟು ಆಡಿಯೇ ಇರಲಿಲ್ಲವೆಂದು ಅರ್ಥ. ಕ್ರೀಡಾಧರ್ಮವು ಅವನ ಮುಖದ ಮೇಲೆ ಯಾವ ಅಧಿಕಾರವನ್ನೂ ಸ್ಥಾಪಿಸುವುದಿಲ್ಲ. ಅದು ಕೇಳುವುದು ಬೇರೆ: ಎದುರಾಳಿಗೆ ಸಲ್ಲಬೇಕಾದುದು ಸಂದಿತೆ? ಈ ಪ್ರಶ್ನೆ ಆಟ ಮುಗಿದ ಮೇಲಷ್ಟೇ ಏಳತಕ್ಕದ್ದಲ್ಲ. ಅನೇಕ ವೇಳೆ ಆಟದ ನಡುವೆಯೇ, ಫಲವು ಇನ್ನೂ ಯಾರ ಕಡೆಗೂ ವಾಲದಿರುವಾಗಲೇ ಎದುರು ಬಂದು ನಿಲ್ಲುತ್ತದೆ.

ಇದಕ್ಕೆ ನಮ್ಮ ನಾಡಿನವರದೇ ಒಂದು ನಿದರ್ಶನವುಂಟು. ಆದರೆ ಅದನ್ನು ನೋಡಲು ಗರಡಿಯಿಂದ ಕ್ರಿಕೆಟ್ಟಿನ ಬಯಲಿಗೆ ಹೋಗಬೇಕು. 1980ರ ಫೆಬ್ರವರಿಯಲ್ಲಿ ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣಮಹೋತ್ಸವದ ಅಂಗವಾಗಿ ಇಂಗ್ಲೆಂಡಿನೊಡನೆ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಒಂದು ಟೆಸ್ಟ್ ಪಂದ್ಯ ನಡೆಯಿತು. ಭಾರತದ ನಾಯಕರು ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು. ಪಂದ್ಯದ ಎರಡನೆಯ ದಿನ, ಎಂದರೆ ಫೆಬ್ರವರಿ 16ರಂದು, ಸೂರ್ಯಗ್ರಹಣವಿದ್ದುದರಿಂದ ಆಟಕ್ಕೆ ಬಿಡುವು ಕೊಟ್ಟಿದ್ದರು. ಗದಗ ಸೀಮೆಯ ಹಿರಿಯರಿಗೆ ಆ ದಿನದ ನೆನಪು ಕ್ರಿಕೆಟ್ಟಿನಿಂದಲ್ಲ. ಅವರ ತಲೆಯ ಮೇಲೆಯೇ ಅಂದು ಸೂರ್ಯನು ಪೂರ್ತಿಯಾಗಿ ಮರೆಯಾಗಿ, ಹಾಡುಹಗಲೇ ಕತ್ತಲೆ ಕವಿದಿತ್ತು.

ಆಟ ಮತ್ತೆ ಮೊದಲಾಯಿತು. ಭಾರತವು ತನ್ನ ಮೊದಲ ಸರದಿಯಲ್ಲಿ 242 ಓಟಗಳನ್ನು ಗಳಿಸಿತ್ತು. ಇಂಗ್ಲೆಂಡಿನ ಐದು ವಿಕೆಟ್ಟುಗಳು 58 ಓಟಗಳಿಗೇ ಉರುಳಿದ್ದವು. ಆಗ ಬಾಥಮ್ ಎಂಬ ಬಲಶಾಲಿಯ ಜೊತೆಗೆ ಬಾಬ್ ಟೇಲರ್ ನಿಂತಿದ್ದರು. ಕಪಿಲ ದೇವರ ಒಂದು ಚೆಂಡಿಗೆ ಟೇಲರರು ಬ್ಯಾಟು ಬೀಸಿದರು. ಅದು ವಿಕೆಟ್ಟಿನ ಹಿಂದಿದ್ದ ಕಿರ್ಮಾನಿಯವರ ಕೈಸೇರಿತು. ತೀರ್ಪುಗಾರ ಹನುಮಂತ ರಾಯರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂಬುದು ವಿಶ್ವನಾಥರ ನಂಬಿಕೆ. ಅವರು ತೀರ್ಪುಗಾರರ ಬಳಿಗೆ ಹೋಗಿ ತೀರ್ಪನ್ನು ಹಿಂದೆಗೆದುಕೊಳ್ಳುವಂತೆ ಕೋರಿದರು. ಟೇಲರರು ಮರಳಿ ಆಡಿದರು. ಅವರೂ ಬಾಥಮರೂ ಕೂಡಿ ಸೇರಿಸಿದ ಓಟಗಳು 171. ಅದರಲ್ಲಿ ಟೇಲರರ ಪಾಲು ದೊಡ್ಡದಲ್ಲ, ಅವರು ಒಟ್ಟು ಗಳಿಸಿದ್ದು 43. ಆದರೆ ಅವರು ನಿಂತುದರಿಂದ ಬಾಥಮರು 114 ಹೊಡೆದರು. ಮುಂದೆ ಭಾರತವು 149ಕ್ಕೆ ಕುಸಿಯಿತು. ಇಂಗ್ಲೆಂಡು ಹತ್ತು ವಿಕೆಟ್ಟುಗಳಿಂದ ಗೆದ್ದಿತು. ವಿಶ್ವನಾಥರು ಟೆಸ್ಟ್ ಪಂದ್ಯದಲ್ಲಿ ನಾಯಕರಾಗಿದ್ದುದು ಅದಕ್ಕೆ ಮುಂಚೆ ಒಂದೇ ಸಲ; ಅದರ ತರುವಾಯ ಮತ್ತೆ ಆಗಲಿಲ್ಲ.

ಈ ಕಥೆಯನ್ನು ಕೇಳಿದವರೆಲ್ಲ ಭಲೆ ಎನ್ನುವರು. ಆದರೆ ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ಔದಾರ್ಯವನ್ನು ತೋರುವವನು ತನ್ನ ಕೈಯಿಂದ ತೋರಬೇಕು. ಹನ್ನೊಂದು ಮಂದಿಯ ಶ್ರಮವನ್ನೂ, ಒಂದು ದೇಶದ ನಿರೀಕ್ಷೆಯನ್ನೂ ದಾನಮಾಡಲು ನಾಯಕನಿಗೇನು ಅಧಿಕಾರ? ತೀರ್ಪುಗಾರನ ತಪ್ಪು ಇಂದು ನಮಗೆ ಲಾಭ, ನಾಳೆ ಅವರಿಗೆ ಲಾಭ; ಅದೂ ಆಟದ ಭಾಗವೇ ಅಲ್ಲವೆ? ನನ್ನ ತರಗತಿಯಲ್ಲಿ ಇದನ್ನು ಚರ್ಚೆಗೆ ಇಟ್ಟಾಗಲೆಲ್ಲ ಚುರುಕಾದ ವಿದ್ಯಾರ್ಥಿಗಳು ಈ ಪಕ್ಷವನ್ನೇ ಹಿಡಿಯುತ್ತಾರೆ.

ನನಗೆ ಉತ್ತರವಾಗಿ ತೋರುವುದು ಎರೆಹೊಲದ ಬದುವಿನ ನ್ಯಾಯ. ನೇಗಿಲು ಹೊಡೆಯುವಾಗ ಎತ್ತು ತಪ್ಪಿ ನೆರೆಯವನ ಹೊಲಕ್ಕೆ ಒಂದು ಸಾಲು ನುಗ್ಗಿತೆನ್ನೋಣ. ತಲಾಟಿಯೂ ನೋಡದೆ ಅದನ್ನು ನಮ್ಮ ಲೆಕ್ಕಕ್ಕೇ ಬರೆದುಕೊಂಡನೆನ್ನೋಣ. ಆ ಸಾಲನ್ನು ಬಿಟ್ಟುಕೊಟ್ಟ ಹಿರಿಯಣ್ಣನು ಮನೆಯ ಆಸ್ತಿಯನ್ನು ದಾನಮಾಡಿದನೆಂದು ತಮ್ಮಂದಿರು ದೂರಬಹುದೆ? ಆ ಸಾಲು ಮನೆಯದಾಗಿದ್ದುದಾದರೂ ಯಾವಾಗ? ವಿಶ್ವನಾಥರು ಕೊಟ್ಟುದನ್ನು ಔದಾರ್ಯವೆನ್ನುವುದಕ್ಕಿಂತ ಲೆಕ್ಕ ಸರಿಪಡಿಸಿದುದು ಎನ್ನುವುದೇ ಮೇಲು. ಪಂದ್ಯ ಸೋತಿತೆಂಬ ಕಾರಣದಿಂದ ಆ ಲೆಕ್ಕ ತಪ್ಪಾಗುವುದಿಲ್ಲ. ಗೆದ್ದಿದ್ದರೆ ಅದು ಹೆಚ್ಚು ಸರಿಯೂ ಆಗುತ್ತಿರಲಿಲ್ಲ. 1999ರಿಂದ 2004ರ ವರೆಗೆ ಅವರು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಟಗಾರರ ನಡತೆಯನ್ನು ವಿಚಾರಿಸುವ ರೆಫರಿಯಾಗಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು.

ಹಾಗಾದರೆ ಲೆಕ್ಕ ತನ್ನ ವಿರುದ್ಧವೇ ತಪ್ಪಾದಾಗ ಸೋತವನು ಬಾಯಿ ಮುಚ್ಚಿಕೊಂಡಿರಬೇಕೆ? ಇರಬೇಕಾಗಿಲ್ಲ. 2008ರ ಜನವರಿ 6ರಂದು ಸಿಡ್ನಿಯಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆಯವರ ನಾಯಕತ್ವದ ಭಾರತ ತಂಡವು ದಿನದ ಆಟಕ್ಕೆ ಕೆಲವೇ ನಿಮಿಷಗಳು ಉಳಿದಿರುವಾಗ 122 ಓಟಗಳಿಂದ ಸೋತಿತು. ತೀರ್ಪುಗಳು ಹಲವು ತಪ್ಪಿದ್ದವು. ಹಿಡಿದೆವೋ ಇಲ್ಲವೋ ಎಂಬ ಸಂಶಯ ಬಂದಾಗ ಚೆಂಡು ಹಿಡಿದವನ ಮಾತನ್ನೇ ನಂಬತಕ್ಕದ್ದೆಂದು ಇಬ್ಬರು ನಾಯಕರೂ ಒಪ್ಪಿಕೊಂಡಿದ್ದರು; ಆ ಒಪ್ಪಂದವೇ ಜಗಳದ ಮೂಲವಾಯಿತು. ಕುಂಬ್ಳೆಯವರು ಕಡೆಯವರೆಗೂ ಔಟಾಗದೆ 45 ಓಟಗಳನ್ನು ಗಳಿಸಿ ಇನ್ನೊಂದು ತುದಿಯಲ್ಲಿ ನಿಂತಿದ್ದರು. ಆ ಸಂಜೆ ಪತ್ರಿಕೆಯವರ ಮುಂದೆ ಅವರು, ಆಟದ ಧರ್ಮಕ್ಕನುಸಾರವಾಗಿ ಆಡಿದ್ದು ಒಂದು ತಂಡ ಮಾತ್ರ ಎಂಬರ್ಥದ ಮಾತನ್ನು ಆಡಿದರು. ಧ್ವನಿ ಏರಿಸಲಿಲ್ಲ, ಬೈಗುಳವಿಲ್ಲ. ಎಪ್ಪತ್ತೈದು ವರ್ಷ ಹಿಂದೆ, 1933ರಲ್ಲಿ, ಇಂಗ್ಲೆಂಡಿನ ಬೌಲರುಗಳು ಮೈಮೇಲೆಯೇ ಚೆಂಡೆಸೆದ ಕಾಲದಲ್ಲಿ, ಆಸ್ಟ್ರೇಲಿಯದ ನಾಯಕ ವುಡ್‌ಫುಲ್ ಅಡಿಲೇಡಿನಲ್ಲಿ ಹೇಳಿದ್ದುದೂ ಹೆಚ್ಚುಕಡಿಮೆ ಇದೇ ಮಾತು. ಅದು ಆಸ್ಟ್ರೇಲಿಯದವರಿಗೆ ತಿಳಿಯದೆ ಇರಲಾರದು.

ನನಗೆ ಆ ಮಾತಿಗಿಂತ ಮುಂದಿನ ಹತ್ತು ದಿನಗಳು ಹೆಚ್ಚು ಮುಖ್ಯವಾಗಿ ಕಾಣುತ್ತವೆ. ಎದುರು ಪಕ್ಷದ ಹಾಗ್ ಎಂಬ ಆಟಗಾರನು ನಿಂದೆಯ ಮಾತಾಡಿದನೆಂದು ಭಾರತದವರು ದೂರು ಕೊಟ್ಟಿದ್ದರು. ಕುಂಬ್ಳೆಯವರು ಅದನ್ನು ಹಿಂದೆಗೆದುಕೊಂಡರು. ಬಳಿಕ ಪರ್ತಿನಲ್ಲಿ ಆಡಿ, ಜನವರಿ 19ರಂದು 72 ಓಟಗಳಿಂದ ಗೆದ್ದರು. ಅನ್ಯಾಯವನ್ನು ಅನ್ಯಾಯವೆಂದು ಒಂದು ಸಲ ಹೇಳಿ, ಅದನ್ನೇ ಜಪಿಸುತ್ತ ಕೂರದೆ ಇರುವುದು ಸುಲಭವಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಪರೀಕ್ಷೆಯಲ್ಲಿ ಕಳೆದುಕೊಂಡ ಎರಡು ಅಂಕಗಳನ್ನು ನಿವೃತ್ತಿಯಾಗುವವರೆಗೂ ಲೆಕ್ಕ ಹಾಕುತ್ತಿರುತ್ತಾರೆ!

ಇನ್ನು ಯಾರ ತಪ್ಪೂ ಇಲ್ಲದ, ದೂರಲು ಯಾರೂ ಸಿಕ್ಕದ ಸೋಲೊಂದಿದೆ. ಎಲ್ಲಕ್ಕಿಂತ ಕಠಿನವಾದುದು ಅದೇ ಎನ್ನಬೇಕು. ಮೈಸೂರಿನವರು ಅದನ್ನು ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ 2010ರ ಜನವರಿಯಲ್ಲಿ ಕಣ್ಣಾರೆ ಕಂಡಿದ್ದಾರೆ. ರಣಜಿ ಟ್ರೋಫಿಯ ಅಂತಿಮ ಪಂದ್ಯ. ಮುಂಬಯಿಯ ವಿರುದ್ಧ ಕರ್ನಾಟಕಕ್ಕೆ ಬೇಕಾದುದು 338 ಓಟಗಳು. ಮನೀಶ್ ಪಾಂಡೆಯವರೊಬ್ಬರೇ 144 ಹೊಡೆದರು. ತಂಡವು 331ಕ್ಕೆ ಮುಗಿಯಿತು. ಸೋಲು ಆರು ಓಟಗಳಿಂದ. ಆ ದಿನ ನಾಯಕರಾಗಿದ್ದ ರಾಬಿನ್ ಉತ್ತಪ್ಪನವರೂ, ಪಾಂಡೆಯವರೂ, ವಿನಯ ಕುಮಾರರೂ ನಾಲ್ಕು ವರ್ಷಗಳ ಮೇಲೆ, 2014ರ ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರದ ಎದುರು ಮತ್ತೊಂದು ಅಂತಿಮ ಪಂದ್ಯದಲ್ಲಿ ಆಡುತ್ತಿದ್ದರು. ಈ ಸಲ ನಾಯಕರು ವಿನಯ ಕುಮಾರರು. ಟ್ರೋಫಿಯು ಅಲ್ಲಿಂದ ಕರ್ನಾಟಕಕ್ಕೆ ಬಂದಿತು.