ತೋಟದ ಮನೆಗೆ ನೀರು

ಘಟಪ್ರಭಾ ನದಿಗೆ ಧೂಪದಾಳದಲ್ಲಿ 1897ರಲ್ಲಿ ಒಡ್ಡು ಕಟ್ಟಿ ಎಡದಂಡೆ ಕಾಲುವೆಗೆ ನೀರು ತಿರುಗಿಸಲಾಯಿತು. 1977ರಲ್ಲಿ ಹಿಡಕಲ್ ಜಲಾಶಯ ಪೂರ್ಣಗೊಂಡ ಮೇಲೆ ನೀರಾವರಿ ಇನ್ನಷ್ಟು ಹಬ್ಬಿತು. ಕೊಣ್ಣೂರ, ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಅನೇಕ ರೈತ ಕುಟುಂಬಗಳು ಊರು ಬಿಟ್ಟು ತೋಟದಲ್ಲಿಯೇ ಮನೆ ಮಾಡಿಕೊಂಡಿವೆ. ಕಬ್ಬಿಗೆ ನೀರುಂಟು, ಆದರೆ ಅಡಿಗೆ ಮನೆಗೆ ಮಾತ್ರ ಹೆಣ್ಣುಮಕ್ಕಳು ಕೊಡ ಹೊರುವುದು ತಪ್ಪಿಲ್ಲ ಎಂಬ ಸ್ಥಿತಿ ಇಂಥ ಎಷ್ಟೋ ಮನೆಗಳಲ್ಲಿದೆ. ಊರಿನ ನಲ್ಲಿಯ ಕೊಳವೆ ತೋಟದವರೆಗೆ ಬಂದಿದ್ದರೆ ಅದನ್ನೇ ಪಡೆಯುವುದು ಉತ್ತಮ. ಬಾರದಿದ್ದಲ್ಲಿ ಮನೆಗೆಂದೇ ಇನ್ನೊಂದು ಕೊಳವೆಬಾವಿ ತೋಡಿಸುವ ಮೊದಲು ಇರುವ ನೀರಿನ ಲೆಕ್ಕ ಹಾಕಬೇಕು.

ಎಷ್ಟು ನೀರು ಬೇಕು?

2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಪಡಿಸಿದೆ. ಆರು ಜನರ ಮನೆಗೆ ಇದು 330 ಲೀಟರ್ ಆಗುತ್ತದೆ. 15 ಲೀಟರಿನ ಕೊಡದಲ್ಲಿ 22 ಕೊಡ. ಬಾವಿ 300 ಮೀಟರ್ ದೂರವಿದ್ದು, ಒಂದು ಸಲಕ್ಕೆ ಎರಡು ಕೊಡ ತಂದರೂ ದಿನಕ್ಕೆ 6 ಕಿ.ಮೀ.ಗೂ ಹೆಚ್ಚು ನಡೆಯಬೇಕು. ನಾಲ್ಕು ದೊಡ್ಡ ದನಗಳಿಗೆ ತಲಾ 70 ಲೀಟರಿನಂತೆ 280 ಲೀಟರ್ ಸೇರಿಸಿದರೆ ಒಟ್ಟು 610 ಲೀಟರ್. ನೀರಾವರಿ ಪಂಪಿಗೆ ಇದು ಕೆಲವು ನಿಮಿಷಗಳ ಕೆಲಸ. ಆದ್ದರಿಂದ ಬಹಳ ಕಡೆ ಕೊರತೆ ಇರುವುದು ನೀರಿನದಲ್ಲ, ಸಂಗ್ರಹದ್ದು ಮತ್ತು ಶುದ್ಧತೆಯದು.

ತೊಟ್ಟಿ ಮತ್ತು ಕೊಳವೆ

ಕರೆಂಟು ಇಲ್ಲದ ಹೊತ್ತಿನಲ್ಲಿಯೂ ನೀರು ಸಿಗಲು ಎರಡು ದಿನಕ್ಕೆ ಸಾಲುವ 1,500 ಲೀಟರಿನ ತೊಟ್ಟಿ ಇರಬೇಕು. ತುಂಬಿದಾಗ ನೀರಿನ ಭಾರವೇ ಒಂದೂವರೆ ಟನ್ ಆಗುವುದರಿಂದ ಕಟ್ಟೆ ಗಟ್ಟಿಯಾಗಿರಬೇಕು. ಬಾವಿಯ ಹತ್ತಿರ ಎತ್ತರದ ದಿನ್ನೆ ಇದ್ದರೆ ತೊಟ್ಟಿಯನ್ನು ಅಲ್ಲಿಯೇ ಇಡಬಹುದು. ನೀರು ತಾನಾಗಿ ಮನೆಗೆ ಇಳಿಯುತ್ತದೆ. ನೆಲ ಸಮತಟ್ಟಾಗಿದ್ದರೆ ಮನೆಯ ಬಳಿ 3 ಮೀಟರ್ ಎತ್ತರದ ಕಟ್ಟೆಯ ಮೇಲಿಟ್ಟು ಪಂಪಿನಿಂದ ತುಂಬಿಸಬೇಕು.

ದಿನ್ನೆಯಿಂದ ನೀರು ಇಳಿಸುವಾಗ ಸಣ್ಣ ಕೊಳವೆ ಹಾಕಿ ಹಣ ಉಳಿಸಬಾರದು. 32 ಮಿ.ಮೀ. ಪಾಲಿಥೀನ್ ಕೊಳವೆಯಲ್ಲಿ ನಿಮಿಷಕ್ಕೆ 12 ಲೀಟರ್ ನೀರು 300 ಮೀಟರ್ ಹರಿಯಲು ಸುಮಾರು 2 ಮೀಟರ್ ಇಳಿಜಾರು ಸಾಕು. 20 ಮಿ.ಮೀ. ಕೊಳವೆಯಾದರೆ ಅಷ್ಟೇ ನೀರಿಗೆ 25 ಮೀಟರಿಗೂ ಹೆಚ್ಚು ಇಳಿಜಾರು ಬೇಕಾಗುತ್ತದೆ. ಒಳವ್ಯಾಸ ಅರ್ಧವಾದರೆ ತಿಕ್ಕಾಟದ ನಷ್ಟ ಸುಮಾರು 30 ಪಟ್ಟು ಏರುವುದೇ ಇದಕ್ಕೆ ಕಾರಣ.

ಕೊಳವೆಯನ್ನು 60 ಸೆಂ.ಮೀ. ಆಳದಲ್ಲಿ ಹೂಳಬೇಕು. ಮೇಲಿದ್ದರೆ ಟ್ರ್ಯಾಕ್ಟರ್ ನೇಗಿಲಿಗೆ ಸಿಕ್ಕು ಹರಿಯುತ್ತದೆ, ಕಬ್ಬಿನ ರವದಿ ಸುಡುವಾಗ ಕರಗುತ್ತದೆ. ನಡುವೆ ಏರು ಇದ್ದರೆ ಅಲ್ಲಿ ಗಾಳಿ ಕಟ್ಟಿಕೊಂಡು ನೀರು ನಿಲ್ಲುವುದರಿಂದ ಕಾಲುವೆ ತೋಡುವಾಗಲೇ ಇಳಿಜಾರು ಸರಿಪಡಿಸಬೇಕು. ತಗ್ಗಿನಲ್ಲಿ ರಾಡಿ ಹೊರಬಿಡಲು ಒಂದು ವಾಲ್ವು ಇರಲಿ.

ಗೊಬ್ಬರದ ನೀರು ಸೇರದಂತೆ ಎಚ್ಚರಿಕೆ

ಹನಿ ನೀರಾವರಿಯ ಕೊಳವೆಯಲ್ಲಿಯೇ ರಸಗೊಬ್ಬರ ಬಿಡುವ ರೈತ ಬಾಂಧವರು ಇದನ್ನು ಅವಶ್ಯವಾಗಿ ಗಮನಿಸಬೇಕು. ಮನೆಯ ಕೊಳವೆಯನ್ನು ಗೊಬ್ಬರ ಸೇರುವ ಜಾಗದ ಹಿಂದೆ, ಪಂಪಿನ ಕಡೆಯಿಂದ ಕವಲೊಡೆಸಬೇಕು. ಪಂಪು ನಿಂತಾಗ ಗೊಬ್ಬರದ ನೀರು ಹಿಂದಕ್ಕೆ ಎಳೆದುಕೊಳ್ಳದಂತೆ, ಕವಲಿಗೂ ಗೊಬ್ಬರ ಸೇರುವ ಜಾಗಕ್ಕೂ ನಡುವೆ ನೀರು ಒಂದೇ ಕಡೆ ಹರಿಯುವ ವಾಲ್ವು ಕೂಡಿಸಬೇಕು.

ಬಹುಕಾಲ ನೀರಾವರಿಯಾದ ಭೂಮಿಯಲ್ಲಿ, ಅದರಲ್ಲೂ ಸವಳು-ಜವಳು ಇರುವಲ್ಲಿ, ಬಾವಿಯ ನೀರು ತಿಳಿಯಾಗಿ ಕಂಡರೂ ಅದರಲ್ಲಿ ಲವಣ ಮತ್ತು ನೈಟ್ರೇಟ್ ಇರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ., ಫ್ಲೋರೈಡ್ 1.5 ಮಿ.ಗ್ರಾಂ. ಮೀರಬಾರದು. ನೈಟ್ರೇಟ್ ಹೆಚ್ಚಿದ್ದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಆರು ತಿಂಗಳೊಳಗಿನ ಕೂಸಿನ ರಕ್ತ ಪ್ರಾಣವಾಯು ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುತ್ತದೆ, ಜೀವಕ್ಕೂ ಅಪಾಯವಿದೆ. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಆದ್ದರಿಂದ ಕೊಳವೆ ಕೊಳ್ಳುವ ಮೊದಲೇ ನೀರು ಪರೀಕ್ಷೆ ಮಾಡಿಸಬೇಕು.

ಕುಡಿಯಲು ಚಾವಣಿಯ ನೀರು

ಬಾವಿಯ ನೀರು ಪರೀಕ್ಷೆಯಲ್ಲಿ ತಪ್ಪಿದರೆ ಅದನ್ನು ತೊಳೆಯಲು, ಬಳಿಯಲು ಇಟ್ಟುಕೊಳ್ಳಬೇಕು. ದನಗಳಿಗೆ ಬಳಸುವ ಮುನ್ನ ಪಶುವೈದ್ಯರನ್ನು ಕೇಳಬೇಕು. ಕುಡಿಯುವುದಕ್ಕೂ ಅಡಿಗೆಗೂ ತಲೆಗೆ 5 ಲೀಟರಿನಂತೆ ಆರು ಜನರಿಗೆ 30 ಲೀಟರ್ ಮಾತ್ರ ಸಾಕು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರ್ ಚಾವಣಿ, 500 ಮಿ.ಮೀ. ಮಳೆ, ಐದನೆಯ ಒಂದು ಪಾಲು ನಷ್ಟ ಎಂದು ಹಿಡಿದರೂ ವರ್ಷಕ್ಕೆ 20,000 ಲೀಟರ್ ದೊರೆಯುತ್ತದೆ. ಮಳೆಯಿಲ್ಲದ ಆರು ತಿಂಗಳಿಗೆ ಬೇಕಾದುದು 5,400 ಲೀಟರ್. ಒಳಗಡೆ 2 ಮೀ. ಉದ್ದ, 2 ಮೀ. ಅಗಲ, 1.5 ಮೀ. ಆಳವಿರುವ ತೊಟ್ಟಿ 6,000 ಲೀಟರ್ ಹಿಡಿಯುತ್ತದೆ.

ಇದಕ್ಕೆ ಆರ್.ಸಿ.ಸಿ., ತಗಡು ಅಥವಾ ಹಂಚಿನ ಚಾವಣಿ ಯೋಗ್ಯ. ಮಣ್ಣಿನ ಮಾಳಿಗೆ ಆಗದು. ಚಾವಣಿಯ ಮೇಲೆ ಔಷಧಿ ಸಿಂಪಡಿಸುವ ಪಂಪು, ಡಬ್ಬಿ ಇಡಕೂಡದು. ಪ್ರತಿ ಮಳೆಯ ಮೊದಲ 100 ಲೀಟರ್ ಹೊರಗೆ ಬಿಟ್ಟು ನಂತರ ಮರಳು-ಜಲ್ಲಿಯ ಮೂಲಕ ಸೋಸಿ ತುಂಬಬೇಕು. ತೊಟ್ಟಿಗೆ ಬೆಳಕು, ಸೊಳ್ಳೆ ಹೋಗದಂತೆ ಮುಚ್ಚಳ ಇರಲಿ. ತಿಳಿನೀರಿಗೆ 1,000 ಲೀಟರಿಗೆ 2.5 ಗ್ರಾಂ. ಹೊಸ ಬ್ಲೀಚಿಂಗ್ ಪುಡಿ ಕಲಸಿ ಒಂದು ತಾಸು ಬಿಡಬೇಕು, ಇಲ್ಲವೇ ಕುದಿಸಿ ಆರಿಸಿ ಕುಡಿಯಬೇಕು.

ನೀರು ಪರೀಕ್ಷೆ, ತೊಟ್ಟಿ, ಸರಿಯಾದ ಅಳತೆಯ ಕೊಳವೆ, ಚಾವಣಿಯ ನೀರು: ಈ ಕ್ರಮದಲ್ಲಿ ಮುಂದುವರಿದರೆ ಹೊಸ ಕೊಳವೆಬಾವಿಯ ಖರ್ಚು ಹಲವರಿಗೆ ಉಳಿಯುವುದು, ಮನೆಯ ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡವೂ ಇಳಿಯುವುದು.