ಗೋಡೆಯಿಲ್ಲದ ಕೋಟೆ

ನಮ್ಮ ಸೀಮೆಯ ಮಕ್ಕಳಿಗೆ ಕೋಟೆಯೆಂದೊಡನೆ ಬೇಕಲದ ಕೋಟೆ ನೆನಪಾಗುವುದು ಸಹಜ. ಕೆಳದಿಯ ನಾಯಕರ ಕಾಲದ ಆ ಕೆಂಪುಕಲ್ಲಿನ ಗೋಡೆ ಇಂದಿಗೂ ಕಡಲಿಗೆ ಎದುರಾಗಿ ನಿಂತಿದೆ. ಆದರೆ ಅದರೊಳಗೆ ಪೇಟೆಯಿಲ್ಲ. ಇದೇ ಪಡುಗಡಲಿನ ತೀರದಲ್ಲಿ ಬಡಗಣಕ್ಕೆ ಬಹುದೂರ ಸಾಗಿದರೆ ಮುಂಬಯಿಯಲ್ಲಿ ಇದಕ್ಕೆ ವಿಪರೀತವಾದ ಕೋಟೆಯೊಂದಿದೆ. ಅಲ್ಲಿ ಗೋಡೆಯಿಲ್ಲ, ಪೇಟೆ ಮಾತ್ರ ಇದೆ. ‘ಫೋರ್ಟ್’ ಎಂದು ಕರೆಯಲ್ಪಡುವ ಆ ಭಾಗದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳ ಹಿರಿಯರು ದುಡಿದು ಅನ್ನ ಕಂಡಿದ್ದಾರೆ. ಆದುದರಿಂದ ಅದರ ಪರಿಚಯವನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಮಾಡಿಕೊಡುವುದು ಉಚಿತವೆಂದು ಭಾವಿಸಿದ್ದೇವೆ.

ಮಂಗಳೂರಿನಿಂದ ಕೊಂಕಣದ ದಾರಿಯಾಗಿ ಹೋಗುವ ರೈಲಿನಲ್ಲಿ ಮುಂಬಯಿಯ ಕೊನೆಯ ನಿಲ್ದಾಣಕ್ಕೆ ಹೋಗಿ ಇಳಿದೆವೆಂದು ಭಾವಿಸೋಣ. 1888ರಲ್ಲಿ ಕಟ್ಟಿ ಮುಗಿಸಿದ ಆ ಭವ್ಯ ಕಟ್ಟಡಕ್ಕೆ ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎಂದು ಹೆಸರು. ಆದರೆ ಆ ಸ್ಥಳದ ಹಳೆಯ ಹೆಸರು ಬೋರಿ ಬಂದರು. ‘ಬಂದರು’ ನಮ್ಮ ನಾಲಗೆಗೂ ಹೊಸತಲ್ಲ. ಮಂಗಳೂರಿನ ಹಳೆಯ ವ್ಯಾಪಾರದ ಕೇರಿಯನ್ನೂ ನಾವು ಹಾಗೆಯೇ ಕರೆಯುತ್ತೇವೆ. 1853ರ ಏಪ್ರಿಲ್ 16ರಂದು ಈ ಬೋರಿ ಬಂದರಿನಿಂದಲೇ ಠಾಣೆಗೆ ಭಾರತದ ಮೊದಲನೆಯ ಪ್ರಯಾಣಿಕರ ರೈಲು ಹೊರಟಿತು. ನಿಲ್ದಾಣದ ಪಕ್ಕದಲ್ಲಿ ದೊಡ್ಡ ಗುಮ್ಮಟವುಳ್ಳ ಪ್ರಧಾನ ಅಂಚೆ ಕಚೇರಿಯಿದೆ. 1913ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಗುಮ್ಮಟಕ್ಕೆ ಮಾದರಿಯಾದುದು ವಿಜಯಪುರದ ಗೋಲಗುಮ್ಮಟ. ಕನ್ನಡ ನಾಡಿನಿಂದ ಹೋದವನಿಗೆ ಮೊದಲ ನೋಟದಲ್ಲಿಯೇ ಕಾಣುವ ಪರಿಚಿತ ಮುಖವಿದು!

ಇನ್ನು ಕೋಟೆಯ ಮಾತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಇಲ್ಲಿ ಗೋಡೆ ಕಟ್ಟಿಸಿದರು. ಅದಕ್ಕೆ ಅಪೊಲೊ ಗೇಟು, ಚರ್ಚ್ ಗೇಟು, ಬಜಾರ್ ಗೇಟು ಎಂಬ ಮೂರು ಬಾಗಿಲುಗಳಿದ್ದವು. ಕಾಲಕ್ರಮದಲ್ಲಿ ಶತ್ರುಭಯವು ನೀಗಿತು. ಒಳಗೆ ಜನಸಂದಣಿ ಉಸಿರು ಕಟ್ಟುವಷ್ಟಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ದೊರೆಯದಾದಾಗ, ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಹಣದ ಹೊಳೆ ಹರಿದ ಆ ವರ್ಷಗಳಲ್ಲಿಯೇ ಗವರ್ನರ್ ಬಾರ್ಟ್ಲ್ ಫ್ರೇರ್ ಎಂಬವರು ಗೋಡೆಯನ್ನು ಕೆಡವಿಸಿದರು. ಚರ್ಚ್ ಗೇಟು ಇದ್ದ ಜಾಗದಲ್ಲಿ 1864ರಲ್ಲಿ ಫ್ಲೋರಾ ಕಾರಂಜಿ ಎದ್ದಿತು. ಬಾಗಿಲು ಹೋಯಿತು, ಹೆಸರು ಮಾತ್ರ ಉಳಿಯಿತು. ಇಂದಿಗೂ ಲಕ್ಷಾಂತರ ಜನರು ಚರ್ಚ್‌ಗೇಟ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಅಲ್ಲಿ ಗೇಟನ್ನು ಹುಡುಕುವವರಿಲ್ಲ.

ಇಷ್ಟೊಂದು ಕಚೇರಿಗಳು ಒಂದೇ ಕಡೆ ಏಕೆ ಗುಂಪುಗೂಡಿದವು? ಇದಕ್ಕೆ ಕಾರಣ ಮೂಡಣ ದಿಕ್ಕಿನ ಹಡಗುಕಟ್ಟೆ. ಹಡಗಿಗೆ ಸರಕು ಏರಿಸುವ ವ್ಯಾಪಾರಿಗೆ ಬ್ಯಾಂಕು ಬೇಕು, ವಿಮೆಯವನು ಬೇಕು, ವಕೀಲನೂ ಬೇಕು. ದೂರವಾಣಿಯಿಲ್ಲದ ಆ ಕಾಲದಲ್ಲಿ ಇವರೆಲ್ಲರೂ ನಡೆದುಹೋಗುವಷ್ಟು ಸಮೀಪದಲ್ಲಿರಬೇಕಾಗಿತ್ತು. ಪುರಭವನದ ಎದುರಿನ ಆಲದ ಮರಗಳ ನೆರಳಿನಲ್ಲಿ ಸೇರುತ್ತಿದ್ದ ಕೆಲವು ದಲ್ಲಾಳಿಗಳು 1875ರಲ್ಲಿ ಸಂಘ ಕಟ್ಟಿಕೊಂಡರು. ಅದೇ ಇಂದಿನ ಮುಂಬಯಿ ಶೇರುಪೇಟೆ. 1989ರಲ್ಲಿ ಕೊಲ್ಲಿಯ ಆಚೆ ದಡದಲ್ಲಿ ಜವಾಹರಲಾಲ್ ನೆಹರೂ ಬಂದರು ಆರಂಭವಾದ ಮೇಲೆ ಸರಕಿನ ಬಹುಭಾಗ ಅತ್ತ ಸರಿಯಿತು. ಹಲವು ದೊಡ್ಡ ಕಚೇರಿಗಳೂ ಬಾಂದ್ರಾ–ಕುರ್ಲಾ ಕಡೆಗೆ ಹೋದವು. ಆದರೂ ಕೋಟೆಯ ಬೆಳಗಿನ ಗಡಿಬಿಡಿ ನಿಂತಿಲ್ಲ.

ಕಚೇರಿಗೆ ಬಂದ ಗುಮಾಸ್ತನಿಗೆ ಮಧ್ಯಾಹ್ನ ಹಸಿವಾಗದಿರದಷ್ಟೆ. ಆ ಹಸಿವೇ ನಮ್ಮವರನ್ನು ಅಲ್ಲಿಗೆ ಕರೆಯಿತು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲೆಯ ಬಡ ಮನೆಗಳ ಹುಡುಗರು, ಇನ್ನೂ ಮೀಸೆ ಮೂಡದವರು, ಮುಂಬಯಿಯ ಹೋಟೆಲು, ಕ್ಯಾಂಟೀನುಗಳಲ್ಲಿ ಲೋಟ ತೊಳೆಯಲು ಸೇರಿದರು, ಕ್ರಮೇಣ ಮಾಣಿಗಳಾದರು. ಅವರು ಊರಲ್ಲಿ ಬಿಟ್ಟುಬಂದ ಪಾಠವನ್ನು ಮುಂದುವರಿಸಲು ನಮ್ಮ ಜಿಲ್ಲೆಯ ಜನರೇ ರಾತ್ರಿಶಾಲೆಗಳನ್ನು ತೆರೆದರು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಮಾಜಸಂಸ್ಥೆಗಳು ಈ ಕಾರ್ಯದಲ್ಲಿ ಮುಂದಾದವು. ಹಗಲೆಲ್ಲ ಮೇಜು ಒರಸಿದ ಕೈ ರಾತ್ರಿ ಪುಸ್ತಕ ಹಿಡಿಯಿತು. ಪಾಠ ಕನ್ನಡದಲ್ಲಿ. ಹೀಗೆ ಓದಿ ಗುಮಾಸ್ತರಾದವರು, ವಕೀಲರಾದವರು, ಸ್ವಂತ ಹೋಟೆಲು ತೆರೆದವರು ಅನೇಕರಿದ್ದಾರೆ.

ಫ್ಲೋರಾ ಕಾರಂಜಿಯ ಬಳಿಯಲ್ಲಿ ಹುತಾತ್ಮರ ಸ್ಮಾರಕವಿದೆ. ಮುಂಬಯಿಯನ್ನು ಒಳಗೊಂಡ ಮರಾಠಿ ರಾಜ್ಯಕ್ಕಾಗಿ ಪ್ರಾಣವಿತ್ತವರ ನೆನಪು ಅದು. ಆ ರಾಜ್ಯ 1960ರ ಮೇ 1ರಂದು ಹುಟ್ಟಿತು. ನಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಹೀಗೆ ಮುಂಬಯಿಯ ಕನ್ನಡಿಗರೂ ನಾವೂ ಒಂದೇ ಸ್ಥಿತಿಯವರು. ನೆರೆಯ ಭಾಷೆಯನ್ನು ಗೌರವಿಸುತ್ತ, ಕಲಿಯುತ್ತ, ತಾಯ್ನುಡಿಯನ್ನು ಉಳಿಸಿಕೊಳ್ಳಬೇಕಾದವರು.

ಮುಂಬಯಿಯ ಆ ಕನ್ನಡ ಶಾಲೆಗಳಲ್ಲಿ ಹಲವು ಈಗ ಮುಚ್ಚಿವೆ. ಯಾರೂ ಅವುಗಳ ಗೋಡೆಯನ್ನು ಕೆಡವಲಿಲ್ಲ. ಮಕ್ಕಳು ಬರುವುದು ನಿಂತಿತು, ಅಷ್ಟೆ. “ಕನ್ನಡದಲ್ಲಿ ಓದಿದರೆ ಮಗುವಿನ ಗತಿಯೇನು?” ಎಂದು ಪ್ರತಿವರ್ಷ ಜೂನ್ ತಿಂಗಳಲ್ಲಿ ನಮ್ಮನ್ನು ಕೇಳುವ ತಂದೆತಾಯಿಗಳಿದ್ದಾರೆ. ಅವರ ಚಿಂತೆ ಸುಳ್ಳೆಂದು ನಾವು ಹೇಳಲಾರೆವು. ಇಂಗ್ಲಿಷನ್ನೂ ಮಲಯಾಳವನ್ನೂ ಚೆನ್ನಾಗಿ ಕಲಿಸುವ ಹೊಣೆ ನಮ್ಮದು, ಅದನ್ನು ಒಪ್ಪಿಕೊಂಡಿದ್ದೇವೆ. ಆದರೆ ದಣಿದ ಕಣ್ಣಿನಿಂದ ರಾತ್ರಿ ಕನ್ನಡದಲ್ಲಿ ಓದಿದ ಹುಡುಗರು ಅಂಥ ಮಹಾನಗರದ ನಡುವೆ ಬದುಕನ್ನು ಕಟ್ಟಿಕೊಂಡರೆಂಬುದನ್ನು ತಾವು ನೆನೆಯಬೇಕು. ನಮ್ಮ ಮಕ್ಕಳಿಗೆ ಹಗಲಿನ ಬೆಳಕೇ ಇದೆ.

ಬಾಗಿಲು ಹೋದರೂ ಹೆಸರು ಉಳಿದುದು ಜನರು ಅದನ್ನು ದಿನವೂ ನುಡಿದುದರಿಂದ. ಭಾಷೆಯ ವಿಷಯವೂ ಅದೇ.